ಅಂಗಳದ ತಂಗಡಿ

ಎಮಿಲಿ ಬ್ರಾಂಟೆ 1847ರಲ್ಲಿ ಪ್ರಕಟಿಸಿದ ‘ವುದರಿಂಗ್ ಹೈಟ್ಸ್’ ಓದಿದವರಿಗೆ ಹೀದರ್ ಎಂಬ ಪೊದೆ ಪರಿಚಿತ. ಬೀಳು ಬಯಲಿನ ಗಾಳಿಗೆ ಮೈಯೊಡ್ಡಿ, ಎಲೆ ಉದುರಿಸದೆ, ಹೂವು ಬಿಡುವ ಗಿಡ ಅದು. ಅದನ್ನು ರಾಯಚೂರಿನ ನಮ್ಮ ಅಂಗಳದಲ್ಲಿ ಬೆಳೆಸಬೇಕೆಂಬ ಹುಚ್ಚು ನನಗೊಮ್ಮೆ ಹತ್ತಿತು. ವಿಚಾರಿಸಲಾಗಿ, ಅದಕ್ಕೆ ಹುಳಿ ನೆಲವೂ ತಂಪು ಹವೆಯೂ ಬೇಕೆಂದು ತಿಳಿಯಿತು. ನಮ್ಮದೋ ಸುಣ್ಣದ ಅಂಶವುಳ್ಳ ಎರೆಮಣ್ಣು. ಹವೆಯ ಮಾತನ್ನು ಮೇ ತಿಂಗಳಲ್ಲಿ ಇಲ್ಲಿಗೆ ಬಂದವರೇ ಹೇಳಬೇಕು.

ನನ್ನ ಪೆಚ್ಚುಮೋರೆ ನೋಡಿ ಅವ್ವ ಕೇಳಿದಳು: “ಬೀಳಿನಾಗ ಬೆಳೀತದ, ವರ್ಷಪೂರ್ತಿ ಹಸರ ಇರ್ತದ, ಹೂವು ಬಿಡ್ತದ ಅಂತಿ. ನಮ್ಮ ತಂಗಡಿ ಏನ ಪಾಪ ಮಾಡ್ಯದ, ತಮ್ಮಾ?”

ಹೌದಲ್ಲ! ಪುಸ್ತಕಗಳ ಆವರಿಕೆ, ತೆಲುಗರ ತಂಗೇಡು, ನಮ್ಮ ತಂಗಡಿ. ಬಂಗಾರದ ಬಣ್ಣದ ಹೂವು. ಚರ್ಮ ಹದ ಮಾಡುವವರು ಇದರ ಒಗರು ತೊಗಟೆಯನ್ನೇ ಬಳಸುತ್ತಿದ್ದರು. ಮಾನ್ವಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆ ಬಂದು ಬೀಳುಗಳು ಭತ್ತದ ಗದ್ದೆಗಳಾದವು. ಅನ್ನ ಬಂತು, ತಂಗಡಿ ದೂರ ಸರಿಯಿತು, ದೂರುವಂತಿಲ್ಲ.

ದೇವದುರ್ಗದ ದಾರಿಯಲ್ಲಿ ಬೆಳೆದ ಎರಡು ಗಿಡ ಅಗೆದು, ಹಸಿ ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತಂದು ನೆಟ್ಟೆ. ವಾರದೊಳಗೆ ಒಣಗಿದವು.

“ಅದರ ಬೇರು ಪಾತಾಳಕ್ಕ ಇಳದಿರ್ತದ. ಬೆಳದದ್ದು ಕಿತ್ತಿ ತಂದ್ರ ಹತ್ತಂಗಿಲ್ಲ. ಬೀಜ ಹಾಕು” ಎಂದಳು ಅವ್ವ.

ನಾನು ಸುಮ್ಮನಾದೆ. ಅಪ್ಪ ತೀರಿಕೊಂಡ ಮೇಲೆ, ಆ ವರ್ಷವೇ, ದೇವದುರ್ಗದ ಬಳಿಯ ಹಳ್ಳಿಯಿಂದ ಅವಳನ್ನು ಇಲ್ಲಿಗೆ ಕರೆತಂದಿದ್ದೆ. ದಿನಕ್ಕೊಮ್ಮೆಯಾದರೂ ಊರಿಗೆ ಎಂದು ಹೋಗುವುದೆಂದು ಕೇಳುತ್ತಿದ್ದಳು.

ಬೀಜದ ಸಿಪ್ಪೆ ಬಲು ಗಟ್ಟಿ. ಒಣಗಿದ ಕಾಯಿಯ ಬೀಜ ಬಿಡಿಸಿ, ಬಿಸಿನೀರು ಸುರಿದು, ರಾತ್ರಿಯೆಲ್ಲ ನೆನೆಯಿಟ್ಟೆವು. ನೀರು ನಿಲ್ಲದಂತೆ ಎರೆಮಣ್ಣಿಗೆ ಗರಸು ಬೆರೆಸಿ ದಿಬ್ಬ ಮಾಡಿದೆವು. ಮುಂಗಾರಿನ ಮೊದಲ ಮಳೆಗೆ, ಬಿಸಿಲು ಬೀಳುವ ಕಡೆ, ಗಿಡ ನಿಲ್ಲಬೇಕಾದ ಜಾಗದಲ್ಲೇ ಊರಿದೆವು. ಬೇರು ಹಿಡಿದ ಮೇಲೆ ನೀರಿನ ಉಪಚಾರ ಅತಿಯಾಗಕೂಡದು. ಹೂವು ಮುಗಿದೊಡನೆ ತುದಿ ಕತ್ತರಿಸಿದರೆ ಪೊದೆ ಒತ್ತಾಗುತ್ತದೆ.

ಎರಡನೆಯ ವರ್ಷ ನವರಾತ್ರಿಯ ಹೊತ್ತಿಗೆ ಅಂಗಳ ಹಳದಿಯಾಯಿತು. ಪಕ್ಕದ ಓಣಿಯ ತೆಲುಗು ಅಜ್ಜಿಯೊಬ್ಬರು ಬತುಕಮ್ಮನಿಗೆ ಹೂವು ಕೇಳುತ್ತ ಬಂದರು. 2014ರಲ್ಲಿ ಹುಟ್ಟಿದ ತೆಲಂಗಾಣ ತನ್ನ ರಾಜ್ಯಪುಷ್ಪವನ್ನಾಗಿ ಮಾಡಿಕೊಂಡದ್ದು ಇದೇ ಹೂವನ್ನು. ಅವ್ವನಿಗೆ ತೆಲುಗು ಬಾರದು, ಅವರಿಗೆ ಕನ್ನಡ ಅಷ್ಟಕ್ಕಷ್ಟೆ. ಆದರೂ ಇಬ್ಬರೂ ಹೂವು ಬಿಡಿಸುತ್ತ ಕತ್ತಲಾಗುವವರೆಗೆ ಕೂತಿದ್ದರು. ಈಗ ಅವರು ದಿನವೂ ಬರುತ್ತಾರೆ.

ಊರಿಗೆ ಎಂದು ಹೋಗುವುದೆಂದು ಅವ್ವ ಕೇಳುವುದು ಕಡಿಮೆಯಾಗಿದೆ. ನಿಂತಿದೆ ಎನ್ನಲಾರೆ.