ನಗಿಸುವವರ ಮೌನ

ಮಂತ್ರಿಯನ್ನೂ ಮಾವನನ್ನೂ ಒಂದೇ ಉಸಿರಿಗೆ ಗೇಲಿ ಮಾಡುವ ಹಾಸ್ಯಗಾರರೆಂದರೆ ನನಗೆ ಇಷ್ಟ. ಆದರೆ ತಮ್ಮವರೊಬ್ಬರ ಮೇಲೆ ದೂರು ಬಂದಾಗ ಆ ನಾಲಗೆ ಎಲ್ಲಿ ಹೋಗುತ್ತದೆ?

ಅಮೆರಿಕದ ಬಿಲ್ ಕಾಸ್ಬಿಯನ್ನೇ ನೋಡಿ. 1984ರಿಂದ 1992ರವರೆಗೆ ಟೀವಿಯಲ್ಲಿ ಮನೆಮನೆಗೂ ಆದರ್ಶ ಅಪ್ಪ. 2005ರಲ್ಲಿ ಆಂಡ್ರಿಯಾ ಕಾನ್‌ಸ್ಟಾಂಡ್ ಎಂಬಾಕೆ, ಮಾತ್ರೆ ಕೊಟ್ಟು ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದರೆಂದು ಪೊಲೀಸರಿಗೆ ಹೇಳಿದರು. ಮೊಕದ್ದಮೆ ಹೂಡಲಿಲ್ಲ. ಇನ್ನೂ ಕೆಲವು ಹೆಂಗಸರು ಬಾಯಿಬಿಟ್ಟರು. ಹಾಗಿದ್ದೂ 2009ರಲ್ಲಿ ಕಾಸ್ಬಿಗೆ ಹಾಸ್ಯದ ದೊಡ್ಡ ಗೌರವವಾದ ಮಾರ್ಕ್ ಟ್ವೇನ್ ಪ್ರಶಸ್ತಿ ಬಂತು!

2014ರ ಅಕ್ಟೋಬರಿನಲ್ಲಿ ಹ್ಯಾನಿಬಲ್ ಬ್ಯುರೆಸ್ ಎಂಬ ಕಿರಿಯ ಹಾಸ್ಯಗಾರ ಫಿಲಡೆಲ್ಫಿಯಾದ ವೇದಿಕೆಯಲ್ಲಿ ಇದನ್ನೆತ್ತಿ ಆಡಿದ. ವಿಡಿಯೋ ಹಬ್ಬಿತು, ದೇಶ ಎಚ್ಚೆತ್ತಿತು. ಅವನು ಹೊಸದೇನೂ ಹೇಳಿರಲಿಲ್ಲ. ಹೆಂಗಸರು ಒಂಬತ್ತು ವರ್ಷದ ಹಿಂದೆಯೇ ಹೇಳಿದ್ದನ್ನು ಒಬ್ಬ ಗಂಡಸು ಹೇಳಿದ, ಅಷ್ಟೆ.

2018ರಲ್ಲಿ ಶಿಕ್ಷೆಯಾಯಿತು, ಪ್ರಶಸ್ತಿಯೂ ವಾಪಸಾಯಿತು. ಹಿಂದಿನ ಸರ್ಕಾರಿ ವಕೀಲರು ಕೊಟ್ಟಿದ್ದ ಮಾತಿನ ಕಾರಣಕ್ಕೆ 2021ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಮಾಡಿತು. ಅದು ಕಾನೂನಿನ ಮಾತು. ಅಷ್ಟು ವರ್ಷ ಜೊತೆಯವರು ಸುಮ್ಮನಿದ್ದದ್ದೇಕೆ?

ಕಾಲೇಜಿನ ನಾಟಕ ತಂಡದಲ್ಲಿರುವ ನನ್ನ ಮಗಳು ತಟ್ಟನೆ ಅಂದಳು: "ಅವರಿಗೆಲ್ಲ ಮುಂದಿನ ಚಾನ್ಸ್ ಬೇಕಿತ್ತಲ್ಲಪ್ಪ." ಕಾಸ್ಬಿಯ ಊರಿನ ಮಾತೋ, ತನ್ನ ತಂಡದ ಮಾತೋ, ಅವಳನ್ನು ಕೂರಿಸಿಕೊಂಡು ಕೇಳಬೇಕು.