ಅರ್ಜಿಯಲ್ಲಿ ಮುಚ್ಚಿಟ್ಟ ಒಂದು ಮಾತು

ಮಕ್ಕಳು ಪರದೇಶದಲ್ಲಿ ನೆಲೆಸಿರುವ ಮನೆಗಳು ಇಂದು ನಮ್ಮ ಸಮಾಜದಲ್ಲಿ ವಿರಳವಲ್ಲ. ಸೊಸೆಯ ಬಾಣಂತನಕ್ಕೋ, ಮೊಮ್ಮಗುವಿನ ನಾಮಕರಣಕ್ಕೋ ಹಿರಿಯರು ವಿಮಾನವೇರುತ್ತಾರೆ. ಚಟ್ನಿಪುಡಿ, ಶೇಂಗಾ ಹೋಳಿಗೆ ಕಟ್ಟಿಕೊಳ್ಳುವಾಗ ಇರುವ ಎಚ್ಚರ ವಿಮೆ ಮಾಡಿಸುವಾಗ ಇರುವುದಿಲ್ಲ. ಹಾಗೆ ಎಡವಿದವರಲ್ಲಿ ನಾನೂ ಒಬ್ಬ.

2018ರ ಬೇಸಿಗೆಯಲ್ಲಿ ನಾನೂ ನನ್ನ ಧರ್ಮಪತ್ನಿಯೂ ನ್ಯೂಜೆರ್ಸಿಯಲ್ಲಿರುವ ಮಗನ ಮನೆಗೆ ಹೊರಟೆವು. ವಿಮೆಯ ಅರ್ಜಿಯಲ್ಲಿ, ಈಗಾಗಲೇ ಯಾವುದಾದರೂ ಕಾಯಿಲೆ ಇದೆಯೇ ಎಂಬ ಪ್ರಶ್ನೆಯಿತ್ತು. ಎಂಟು ವರ್ಷಗಳಿಂದ ರಕ್ತದೊತ್ತಡದ ಮಾತ್ರೆ ನುಂಗುತ್ತಿದ್ದ ನಾನು 'ಇಲ್ಲ' ಎಂದು ಬರೆದೆ. ಪ್ರೀಮಿಯಂ ಹೆಚ್ಚಾದೀತೆಂಬ ಲೆಕ್ಕಾಚಾರ. "ಇದ್ದದ್ದನ್ನು ಇದ್ದ ಹಾಗೇ ಬರೀರಿ" ಎಂದಳು ಪತ್ನಿ. ನಾನು ನಕ್ಕು ಸುಮ್ಮನಾದೆ.

ಐದನೆಯ ವಾರ, ನಡುರಾತ್ರಿ ಎದೆನೋವು ಕಾಣಿಸಿಕೊಂಡಿತು. ಮಗ 911ಕ್ಕೆ ಕರೆ ಮಾಡಿದ. ಆಸ್ಪತ್ರೆಯವರು ಹಣದ ಮಾತೆತ್ತದೆ ಚಿಕಿತ್ಸೆಗೆ ತೊಡಗಿದರು. ತುರ್ತು ಸ್ಥಿತಿಯಲ್ಲಿ ಬಂದವರನ್ನು ಹಣವಿಲ್ಲವೆಂದು ಹಿಂದಕ್ಕೆ ಕಳುಹಿಸಬಾರದೆಂಬ ಕಾನೂನು ಅಲ್ಲಿ 1986ರಿಂದ ಇದೆ. ಆದರೆ ಆ ಕಾನೂನು ಬಿಲ್ಲನ್ನು ಮನ್ನಾ ಮಾಡುವುದಿಲ್ಲ. ಮೂರು ದಿನಗಳ ಬಿಲ್ಲು ನನ್ನ ನಿವೃತ್ತಿಯ ಗಂಟನ್ನೇ ಮೀರಿಸಿತು. ವಿಮಾ ಸಂಸ್ಥೆ ನಮ್ಮೂರಿನ ವೈದ್ಯರ ಹಳೆಯ ಚೀಟಿಗಳನ್ನು ಕೇಳಿತು. ನನ್ನ ಸುಳ್ಳು ಬಯಲಾಯಿತು. ಪರಿಹಾರ ದೊರೆಯಲಿಲ್ಲ. ಯಾರನ್ನೂ ದೂರಲು ನನಗೆ ಬಾಯಿರಲಿಲ್ಲ.

ಮಗ ಒಂದು ಮಾತೂ ಆಡಲಿಲ್ಲ. ತಿಂಗಳ ಕಂತುಗಳಲ್ಲಿ ತೀರಿಸುವ ಏರ್ಪಾಡು ಮಾಡಿಕೊಂಡ. ಸೊಸೆ ಆ ವರ್ಷ ತವರಿಗೆ ಬರಲಿಲ್ಲ. ಕಾರಣವನ್ನು ನಾನು ಕೇಳಲಿಲ್ಲ, ತಿಳಿದಿತ್ತು. ಸತ್ಯಶುದ್ಧ ಕಾಯಕವೆಂದು ಮಕ್ಕಳಿಗೆ ಹೇಳಿ ಬೆಳೆಸಿದವನು ಒಂದು ಸಣ್ಣ ಅರ್ಜಿಯಲ್ಲಿ ಸೋತಿದ್ದೆ. ನಾನು ಉಳಿಸಹೊರಟ ಹಣದ ಹೊರೆ ಮಕ್ಕಳ ಹೆಗಲೇರಿತ್ತು.

ಆದ್ದರಿಂದ ಹೊರಡುವ ಹಿರಿಯರಲ್ಲಿ ಒಂದು ವಿನಂತಿ. ಫ್ರಾನ್ಸ್, ಜರ್ಮನಿ ಮೊದಲಾದ ದೇಶಗಳ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಬೇಕೇ ಬೇಕು. ಅಮೆರಿಕದ ಪ್ರವಾಸಿ ವೀಸಾಕ್ಕೆ ಅಂತಹ ಕಡ್ಡಾಯವಿಲ್ಲ; ಕಡ್ಡಾಯವಿಲ್ಲವೆಂದು ಅಗತ್ಯವೂ ಇಲ್ಲವೆಂದು ತಿಳಿಯಬೇಡಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹಿಂದಿನ ಶಸ್ತ್ರಚಿಕಿತ್ಸೆ ಎಲ್ಲವನ್ನೂ ಬರೆಯಿರಿ. ಅನೇಕ ವಿಮೆಗಳು ಹಳೆಯ ಕಾಯಿಲೆಯನ್ನು ಹೊರಗಿಡುತ್ತವೆ. ಅದು ಹಠಾತ್ತನೆ ಉಲ್ಬಣಿಸಿದರೆ ಎಷ್ಟು ಕೊಡುತ್ತೀರೆಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ವಾಸ್ತವ್ಯ ಹೆಚ್ಚಾಗುವುದಾದರೆ ಅವಧಿ ಮುಗಿಯುವ ಮೊದಲೇ ವಿಮೆಯನ್ನು ವಿಸ್ತರಿಸಿಕೊಳ್ಳಿ. ಮಾತ್ರೆಗಳೂ ವೈದ್ಯರ ಚೀಟಿಯೂ ಕೈಚೀಲದಲ್ಲಿರಲಿ. ವಿಮೆಯ ಸಂಖ್ಯೆ, ಸಹಾಯವಾಣಿಯ ಸಂಖ್ಯೆಗಳು ಜೇಬಿನಲ್ಲೂ ಮಗನ ಬಳಿಯಲ್ಲೂ ಇರಲಿ.

ಕಳೆದ ವರ್ಷ ಮತ್ತೆ ಹೊರಟಾಗ ಅರ್ಜಿಯನ್ನು ಪತ್ನಿಯ ಕೈಗಿತ್ತೆ. ಆಕೆ ನನ್ನ ಮಾತ್ರೆಗಳ ಹೆಸರನ್ನು ಒಂದೊಂದಾಗಿ ಕೇಳಿ ಬರೆದಳು. ಪ್ರೀಮಿಯಂ ಹೆಚ್ಚಾಯಿತು. ವಿಮಾನದಲ್ಲಿ ನನಗೆ ಒಳ್ಳೆಯ ನಿದ್ರೆ ಬಂದಿತು.