ಹೆಗಲ ಮೇಲೆ ಉಳಿದ ಜೀವ

ಕಳೆದ ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಲಿಂಕನ್‌ಶೈರಿನ ಎಪ್‌ವರ್ತ್ ಎಂಬ ಊರಿನಲ್ಲಿ ಹಳೆಯ ರೆಕ್ಟರಿಯೊಂದನ್ನು ನೋಡಿದೆ. ರೆಕ್ಟರಿ ಎಂದರೆ ಊರ ಚರ್ಚಿನ ಪಾದ್ರಿಗಳು ವಾಸಿಸುವ ಮನೆ. ಕೆಂಪು ಇಟ್ಟಿಗೆಯ ಗೋಡೆ, ಇಳಿಜಾರು ಛಾವಣಿ, ಲೆಡ್ಜರಿನ ಕಲಮುಗಳಂತೆ ಸಾಲು ತಪ್ಪದ ಎತ್ತರದ ಕಿಟಕಿಗಳು. ಈಗ ಅದು ವಸ್ತುಸಂಗ್ರಹಾಲಯ.

ಮಕ್ಕಳೇ, ಇದಕ್ಕೂ ಮೊದಲು ಅಲ್ಲಿದ್ದದ್ದು ಮರ, ಗಾರೆಯಿಂದ ಕಟ್ಟಿ ಹುಲ್ಲು ಹೊದಿಸಿದ ಮನೆ. 1709ರ ಫೆಬ್ರವರಿಯ ಒಂದು ರಾತ್ರಿ ಅದಕ್ಕೆ ಬೆಂಕಿ ಬಿತ್ತು. ಪಾದ್ರಿ ಸ್ಯಾಮ್ಯುಯೆಲ್ ವೆಸ್ಲಿಯವರ ಮನೆಮಂದಿಯೆಲ್ಲ ಹೊರಗೋಡಿ ಬಂದರು. ಐದು ವರ್ಷದ ಜಾನ್ ಮಾತ್ರ ಮಹಡಿಯಲ್ಲೇ ಉಳಿದ! ಏಣಿ ತರಲು ಸಮಯವಿಲ್ಲ. ಒಬ್ಬಾತ ಗೋಡೆಗೆ ಒತ್ತಿ ನಿಂತ. ಇನ್ನೊಬ್ಬ ಅವನ ಹೆಗಲೇರಿ, ಕಿಟಕಿಯಿಂದ ಹುಡುಗನನ್ನು ಎತ್ತಿಕೊಂಡ. ಅದೇ ಕ್ಷಣ ಛಾವಣಿ ಒಳಕ್ಕೆ ಕುಸಿಯಿತು.

ಪಾದ್ರಿಗಳು ಅದಾಗಲೇ ಸಾಲಕ್ಕಾಗಿ ಜೈಲು ಕಂಡವರು. ಆದರೂ ಸುಮಾರು 400 ಪೌಂಡ್ ಖರ್ಚು ಮಾಡಿ, ಈ ಸಲ ಇಟ್ಟಿಗೆಯಲ್ಲೇ ಮನೆ ಕಟ್ಟಿಸಿದರು. ಸಾಲದ ಲೆಕ್ಕ ಬರೆಯುತ್ತಲೇ ಬ್ಯಾಂಕಿನಲ್ಲಿ ಆಯುಷ್ಯ ಕಳೆದ ನನಗೆ, ಆ ಕೆಂಪು ಗೋಡೆಯಲ್ಲಿ ಅವರ ಧೈರ್ಯವೇ ಕಂಡಿತು.

ಉಳಿದ ಆ ಹುಡುಗನೇ ಮುಂದೆ ಮೆಥಡಿಸ್ಟ್ ಪಂಥಕ್ಕೆ ಕಾರಣನಾದ ಜಾನ್ ವೆಸ್ಲಿ. ಕನ್ನಡ ಪುಸ್ತಕಗಳನ್ನು ಅಚ್ಚು ಹಾಕಿದ ಮೈಸೂರಿನ ವೆಸ್ಲಿ ಪ್ರೆಸ್ಸಿಗೂ ಅವರದೇ ಹೆಸರು.

ನನ್ನ ಮೊಮ್ಮಗಳಿಗೂ ಈಗ ಐದೇ ವರ್ಷ. ಕಥೆ ಕೇಳಿ ಕಿಟಕಿಯನ್ನೇ ನೋಡುತ್ತಾ, “ತಾತ, ಕೆಳಗೆ ನಿಂತಿದ್ದೋರಿಗೆ ಹೆಗಲು ನೋಯಲಿಲ್ವಾ?” ಎಂದಳು.

“ನೊಂದಿರತ್ತೆ ಪುಟ್ಟಿ. ಆದ್ರೂ ನಿಂತ್ರು ನೋಡು” ಎಂದೆ.